ಊರೇ ಹೆಸರಾದ ಶಿಲ್ಪಿಗಳು

೧೨೪೪ನೆಯ ಇಸವಿಯ ನವೆಂಬರ್ ತಿಂಗಳ ಕೊನೆಯ ದಿನ. ಉತ್ತರ ಇಟಲಿಯ ಮೋದೆನಾ ನಗರದಲ್ಲಿ ಇಬ್ಬರು ಒಂದು ಒಪ್ಪಂದವನ್ನು ಪತ್ರಾರೂಢ ಮಾಡಿಸಿದರು. ಒಬ್ಬನ ಹೆಸರು ಉಬಾಲ್ದಿನೊ. ನಗರದ ಮಹಾದೇವಾಲಯದ ಕಟ್ಟಡದ ಕೆಲಸಕ್ಕೆ ಅವನು ಮೇಲ್ವಿಚಾರಕ. ಇನ್ನೊಬ್ಬನು ಅರ್ರಿಗೊ, ಕಲ್ಲಿನ ಕೆಲಸದ ಮೇಸ್ತ್ರಿ. ಹೊಸದಾಗಿ ಗೊತ್ತುಮಾಡಬೇಕಾಗಿದ್ದುದು ಮುಖ್ಯವಾಗಿ ದಿನಗೂಲಿಯ ಮೊತ್ತ. ಉಳಿದ ಮಾತು ಅರ್ರಿಗೊನ ಅಜ್ಜ ಅನ್ಸೆಲ್ಮೊನ ಕಾಲದಲ್ಲಿಯೇ ತೀರ್ಮಾನವಾಗಿಹೋಗಿತ್ತು. ಅನ್ಸೆಲ್ಮೊ ಮತ್ತು ಅವನ ವಾರಸುದಾರರು ಎಂದೆಂದಿಗೂ ಈ ದೇವಾಲಯದ ಕೆಲಸ ಮಾಡತಕ್ಕದ್ದು. ಅದಕ್ಕೆ ಪ್ರತಿಯಾಗಿ ಬೇಸಗೆಯಾಗಲಿ ಚಳಿಗಾಲವಾಗಲಿ, ದಿನವೊಂದಕ್ಕೆ ಆರು ‘ಇಂಪೀರಿಯಾಲೆ’ ನಾಣ್ಯಗಳನ್ನು ಅವರಿಗೆ ಕೊಡತಕ್ಕದ್ದು. ಇದು ಹಳೆಯ ಕರಾರು. ಈಗ ಬೇಸಗೆಯ ದೀರ್ಘ ದಿನಗಳಿಗೆ ಎಂಟು ನಾಣ್ಯ, ಉಳಿದ ದಿನಗಳಿಗೆ ಮೊದಲಿನಂತೆ ಆರು ಎಂದಾಯಿತು.

ಕೂಲಿಯ ಲೆಕ್ಕ ಬದಲಾಯಿತು. ‘ಎಂದೆಂದಿಗೂ’ ಎಂಬ ಮಾತು ಹಾಗೆಯೇ ಉಳಿಯಿತು.

ಅಜ್ಜನೊಬ್ಬನು ತಾನು ಕಾಣದ ಮೊಮ್ಮಕ್ಕಳ ಕೈಗಳನ್ನು ಸಹ ಒಂದು ಕಟ್ಟಡಕ್ಕೆ ಬರೆದುಕೊಟ್ಟ ಈ ಪ್ರಸಂಗ ವಿಚಿತ್ರವಾಗಿ ತೋರಬಹುದು. ಅದಕ್ಕಿಂತಲೂ ಸೋಜಿಗದ ಸಂಗತಿ ಇನ್ನೊಂದಿದೆ. ಮೂರು ತಲೆಮಾರುಗಳ ಕಾಲ ಮೋದೆನಾದ ಅನ್ನವನ್ನುಂಡ ಈ ಮನೆತನಕ್ಕೆ ಮೋದೆನಾದ ಹೆಸರು ಅಂಟಲಿಲ್ಲ. ಅಜ್ಜ ‘ಕಾಂಪಿಯೋನೆಯ ಅನ್ಸೆಲ್ಮೊ’ ಆಗಿದ್ದರೆ ಮೊಮ್ಮಗನೂ ‘ಕಾಂಪಿಯೋನೆಯ ಅರ್ರಿಗೊ’ ಆಗಿಯೇ ಉಳಿದನು. ಕಾಂಪಿಯೋನೆಯಾದರೋ ಅಲ್ಲಿಂದ ಸುಮಾರು ಇನ್ನೂರು ಕಿಲೋಮೀಟರು ದೂರದಲ್ಲಿ, ಆಲ್ಪ್ಸ್ ಪರ್ವತಗಳ ಮಡಿಲಲ್ಲಿ, ಒಂದು ಸರೋವರದ ತಡಿಯಲ್ಲಿದ್ದ ಪುಟ್ಟ ಹಳ್ಳಿ.

ಹನ್ನೆರಡನೆಯ ಶತಮಾನದ ಉತ್ತರಾರ್ಧದಿಂದ ಹದಿನಾಲ್ಕನೆಯ ಶತಮಾನದ ಕೊನೆಯವರೆಗೆ, ಎರಡು ನೂರಕ್ಕೂ ಹೆಚ್ಚು ವರ್ಷಗಳ ಕಾಲ, ಈ ಹಳ್ಳಿಯಿಂದ ಹೊರಟವರು ಮೋದೆನಾ, ಬೆರ್ಗಾಮೊ, ವೆರೋನಾ, ಮೊಂಜಾ, ಮಿಲಾನ್ ನಗರಗಳಲ್ಲಿ ದೇವಾಲಯಗಳನ್ನೂ ಗೋಪುರಗಳನ್ನೂ ಅರಸರ ಸಮಾಧಿಗಳನ್ನೂ ನಿರ್ಮಿಸಿದರು. ಕಲೆಯ ಇತಿಹಾಸಕಾರರು ಅವರೆಲ್ಲರನ್ನೂ ಒಟ್ಟಾಗಿ ‘ಮಾಯೆಸ್ತ್ರಿ ಕಾಂಪಿಯೋನೇಸಿ’ ಎಂದು, ಅಂದರೆ ಕಾಂಪಿಯೋನೆಯ ಮೇಸ್ತ್ರಿಗಳು ಎಂದು ಕರೆಯುತ್ತಾರೆ.

ಸರೋವರದ ತಡಿಯ ಹಳ್ಳಿ

ಲುಗಾನೊ ಸರೋವರದ ಪೂರ್ವ ದಂಡೆಯಲ್ಲಿ ಕಾಂಪಿಯೋನೆ ಇದೆ. ಎದುರು ದಡದಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊ ಪಟ್ಟಣ. ಬೆನ್ನಿಗೆ ಕಡಿದಾದ ಬೆಟ್ಟ. ಊರಿನ ವಿಸ್ತಾರ ಮೂರು ಚದರ ಕಿಲೋಮೀಟರಿಗಿಂತಲೂ ಕಡಿಮೆ. ಇಂದಿಗೂ ಅಲ್ಲಿರುವವರು ಸುಮಾರು ಎರಡು ಸಾವಿರ ಮಂದಿ. ಉಳುವುದಕ್ಕೆ ಯೋಗ್ಯವಾದ ಸಮತಟ್ಟು ನೆಲ ಅಲ್ಲಿ ಅತ್ಯಲ್ಪ. ಹೇರಳವಾಗಿದ್ದುವು ಎರಡೇ: ಕಲ್ಲು ಮತ್ತು ನೀರು. ಕಲ್ಲು ಕೈಗೆ ಕಸುಬನ್ನು ಕಲಿಸಿತು. ನೀರು ದಾರಿಯನ್ನು ತೋರಿಸಿತು.

ಆ ಪ್ರದೇಶದಲ್ಲಿ ಕಟ್ಟಡದ ಕಸುಬು ಬಹಳ ಪುರಾತನವಾದುದು. ಲೊಂಬಾರ್ಡ್ ಜನರ ಅರಸನಾದ ರೊತಾರಿ ೬೪೩ರಲ್ಲಿ ಹೊರಡಿಸಿದ ಶಾಸನಸಂಹಿತೆಯಲ್ಲಿ ‘ಕೊಮಾಚಿನಿ’ ಎಂಬ ಕಟ್ಟಡದ ಮೇಸ್ತ್ರಿಗಳ ಮಾತು ಬರುತ್ತದೆ. ಮನೆ ಕಟ್ಟಿಕೊಡುವುದಾಗಿ ಕೂಲಿ ಗೊತ್ತುಮಾಡಿಕೊಂಡು ಮೇಸ್ತ್ರಿ ಕೆಲಸಕ್ಕೆ ನಿಂತಾಗ, ಕಲ್ಲೋ ತೊಲೆಯೋ ಬಿದ್ದು ಯಾರಾದರೂ ಸತ್ತರೆ, ಅದರ ದಂಡವನ್ನು ತೆರಬೇಕಾದವನು ಮನೆಯ ಒಡೆಯನಲ್ಲ, ಮೇಸ್ತ್ರಿಯೇ ಎಂದು ಆ ಶಾಸನ ವಿಧಿಸುತ್ತದೆ. ‘ಕೊಮಾಚಿನಿ’ ಎಂಬ ಹೆಸರು ನೆರೆಯ ಕೊಮೊ ಪಟ್ಟಣದಿಂದ ಬಂದುದೆಂದು ಕೆಲವರೂ, ಸಾರುವೆಯ ಯಂತ್ರಗಳಿಂದ ಬಂದುದೆಂದು ಕೆಲವರೂ ಹೇಳುತ್ತಾರೆ. ಹೇಗೇ ಇರಲಿ, ಕಾಂಪಿಯೋನೆಯ ಅನ್ಸೆಲ್ಮೊ ಹುಟ್ಟುವುದಕ್ಕೆ ಐದು ಶತಮಾನಗಳಷ್ಟು ಹಿಂದೆಯೇ ಆ ನಾಡಿನಲ್ಲಿ ಕಟ್ಟಡದ ಕೆಲಸವು ಒಂದು ವೃತ್ತಿಯಾಗಿ, ಕಟ್ಟುಕಟ್ಟಳೆಗಳುಳ್ಳ ಜೀವನೋಪಾಯವಾಗಿ ನೆಲೆಗೊಂಡಿತ್ತು.

ಈ ಹಳ್ಳಿಯ ಹಣೆಬರಹವನ್ನು ಬದಲಿಸಿದ ಘಟನೆಯೊಂದು ೭೭೭ರಲ್ಲಿ ನಡೆಯಿತು. ಕಾಂಪಿಯೋನೆಯ ಶ್ರೀಮಂತನಾದ ತೊತೊನೆ ಎಂಬವನು ತನ್ನ ಆಸ್ತಿಯನ್ನೆಲ್ಲ ಮಿಲಾನಿನ ಸಂತ ಆಂಬ್ರೋಸನ ದೇವಾಲಯಕ್ಕೆ ಉಯಿಲು ಬರೆದನು. ಅಂದಿನಿಂದ ಒಂದು ಸಾವಿರ ವರ್ಷಗಳಿಗೂ ಮಿಕ್ಕಿ, ೧೭೯೭ರವರೆಗೆ, ಕಾಂಪಿಯೋನೆಯು ಮಿಲಾನಿನ ಸಂತ ಆಂಬ್ರೋಸನ ಮಠದ ಸ್ವತ್ತಾಗಿತ್ತು. ಹದಿನಾರನೆಯ ಶತಮಾನದ ಆದಿಯಲ್ಲಿ ಸುತ್ತಲಿನ ನಾಡೆಲ್ಲ ಸ್ವಿಸ್ ಒಕ್ಕೂಟದ ಕೈಸೇರಿದಾಗಲೂ ಮಠದ ಸ್ವತ್ತಾದ ಈ ತುಣುಕು ಮಾತ್ರ ಪ್ರತ್ಯೇಕವಾಗಿ ಉಳಿಯಿತು. ಆದ್ದರಿಂದಲೇ ಇಂದಿಗೂ ನಾಲ್ಕು ಕಡೆಯೂ ಸ್ವಿಟ್ಜರ್ಲೆಂಡ್ ಸುತ್ತುವರಿದಿದ್ದರೂ ಕಾಂಪಿಯೋನೆ ಇಟಲಿಗೆ ಸೇರಿದ ಊರು. ಒಬ್ಬ ಮನುಷ್ಯನ ಉಯಿಲು ಹನ್ನೆರಡೂವರೆ ಶತಮಾನಗಳ ಬಳಿಕವೂ ದೇಶಗಳ ಗಡಿಯಾಗಿ ನಿಂತಿದೆ.

ಹಳ್ಳಿಯ ಹೊರಭಾಗದಲ್ಲಿ, ನೀರಿನಂಚಿನಿಂದ ಮೆಟ್ಟಿಲುಗಳು ಏರಿಹೋಗುವಲ್ಲಿ, ‘ಸಾಂತಾ ಮರಿಯಾ ದೇಯ್ ಗಿರ್ಲಿ’ ಎಂಬ ಇಗರ್ಜಿಯಿದೆ. ‘ಗಿರ್ಲಿ’ ಎಂದರೆ ಅಲ್ಲಿಯ ಆಡುನುಡಿಯಲ್ಲಿ ಬಾನಾಡಿಗಳು, ಆ ಚೂಪುರೆಕ್ಕೆಯ ಕವಲುಬಾಲದ ಹಕ್ಕಿಗಳು. ಚಳಿಗೆ ಹಾರಿಹೋಗಿ ವಸಂತದಲ್ಲಿ ಹಿಂದಿರುಗುವ ಬಾನಾಡಿಗಳ ಮಾತೆ ಎಂದು ಆ ದೇವಿಯ ಹೆಸರಿನ ಅರ್ಥ. ವಸಂತದಲ್ಲಿ ಉಳಿ ಸುತ್ತಿಗೆಗಳನ್ನು ಹೆಗಲಿಗೇರಿಸಿ ಹೊರಟು ಚಳಿಗಾಲಕ್ಕೆ ಮನೆಗೆ ಮರಳುತ್ತಿದ್ದ ಗಂಡಸರನ್ನು ಕುರಿತೇ ಈ ಹೆಸರು ಹುಟ್ಟಿತೆಂಬ ನಂಬಿಕೆಯೂ ಉಂಟು. ಬಾನಾಡಿ ಬರುವಾಗ ಇವರು ಹೊರಡುವರು. ಬಾನಾಡಿ ಹೋದ ಮೇಲೆ ಇವರು ಬರುವರು. ಹಿಮ ಬೀಳುವ ಕಾಲದಲ್ಲಿ ಗಾರೆ ಹೆಪ್ಪುಗಟ್ಟಿ ಗೋಡೆ ನಿಲ್ಲದಾದ್ದರಿಂದ ಕಟ್ಟುವವನಿಗೆ ಚಳಿಗಾಲವೇ ಬಿಡುವು.

ಆದರೆ ಮೋದೆನಾದ ಕರಾರನ್ನು ಮತ್ತೊಮ್ಮೆ ನೋಡಿದರೆ ಅದರಲ್ಲಿ ಚಳಿಗಾಲದ ದಿನಗಳಿಗೂ ಕೂಲಿ ಗೊತ್ತಾಗಿರುವುದು ಕಣ್ಣಿಗೆ ಬೀಳುತ್ತದೆ. ಗೋಡೆ ಏರಿಸುವುದು ನಿಂತರೂ, ಮಾಡಿನ ಕೆಳಗೆ ಕುಳಿತು ಕಲ್ಲು ಕೆತ್ತುವುದಕ್ಕೆ ಅಡ್ಡಿಯಿಲ್ಲ. ಎಂದೆಂದಿಗೂ ಎಂದು ಮಾತು ಕೊಟ್ಟವರಿಗೆ ಬಾನಾಡಿಯ ಸ್ವಾತಂತ್ರ್ಯ ಇರಲಿಲ್ಲ. ಅವರು ಊರನ್ನು ಬಿಟ್ಟು ನೆಲಸಿದರು. ಊರಿನ ಹೆಸರನ್ನು ಮಾತ್ರ ಬಿಡಲಿಲ್ಲ.

ಮೋದೆನಾದ ಋಣ

ಮೋದೆನಾದ ಮಹಾದೇವಾಲಯಕ್ಕೆ ೧೦೯೯ರಲ್ಲಿ ಅಡಿಗಲ್ಲು ಬಿದ್ದಿತು. ಅದರ ಸ್ಥಪತಿ ಲಾನ್‌ಫ್ರಾಂಕೊ, ಶಿಲ್ಪಿ ವಿಲಿಜೆಲ್ಮೊ. ಇಬ್ಬರೂ ಮಹಾಪ್ರತಿಭಾವಂತರು. ಕಾಂಪಿಯೋನೆಯವರು ಬಂದುದು ಅವರ ತರುವಾಯ. ಮತ್ತೊಬ್ಬರು ಆರಂಭಿಸಿದ ಕಟ್ಟಡವನ್ನು, ಅದರ ಅಂದ ಕೆಡದಂತೆ ಮುಂದುವರಿಸಿ ಮುಗಿಸುವ ಹೊಣೆ ಅವರ ಪಾಲಿಗೆ ಬಂದಿತು. ಹೊಸದಾಗಿ ಕಟ್ಟುವುದಕ್ಕಿಂತ ಇದು ಒಂದು ಬಗೆಯಲ್ಲಿ ಕಠಿಣವಾದ ಕೆಲಸ.

ದೇವಾಲಯದ ಒಳಗೆ, ನೆಲಮಾಳಿಗೆಯ ಗರ್ಭಗೃಹದ ಬಾಗಿಲಿನ ಮೇಲೆ, ಭಕ್ತರ ಸ್ಥಾನವನ್ನೂ ಪಾದ್ರಿಗಳ ಸ್ಥಾನವನ್ನೂ ಬೇರ್ಪಡಿಸುವ ಅಮೃತಶಿಲೆಯ ಸೇತುವೆಯಂತಹ ಒಂದು ವೇದಿಕೆಯಿದೆ. ಅದಕ್ಕೆ ‘ಪೊಂತಿಲೆ’ ಎಂದು ಹೆಸರು. ಅನ್ಸೆಲ್ಮೊ ಮತ್ತು ಅವನ ಸಂಗಡಿಗರ ಕೆಲಸವೆಂದು ಹೇಳಲಾಗುವ ಈ ವೇದಿಕೆಯ ಮುಖದಲ್ಲಿ ಯೇಸುವಿನ ಕೊನೆಯ ದಿನಗಳ ಕಥೆ ಸಾಲಾಗಿ ಕೆತ್ತಲ್ಪಟ್ಟಿದೆ. ಶಿಷ್ಯರ ಪಾದಗಳನ್ನು ತೊಳೆಯುವುದು, ಕಡೆಯ ಭೋಜನ, ಸೆರೆಹಿಡಿಯುವುದು, ಪಿಲಾತನ ಮುಂದೆ ವಿಚಾರಣೆ, ಶಿಲುಬೆಯ ಹಾದಿ, ಹೀಗೆ ಒಂದರ ಪಕ್ಕದಲ್ಲೊಂದು. ಭೋಜನದ ಮೇಜಿನ ಹಿಂದೆ ಶಿಷ್ಯರು ಒತ್ತಾಗಿ ಕುಳಿತಿದ್ದಾರೆ. ಮೇಜಿನ ಮೇಲೆ ಹಾಸಿದ ಬಟ್ಟೆಯ ನಿರಿಗೆಗಳನ್ನು ಸಹ ಶಿಲ್ಪಿ ಮರೆತಿಲ್ಲ. ಈ ಶಿಲ್ಪಗಳಿಗೆ ಬಳಿದ ಬಣ್ಣವು ಇನ್ನೂ ಉಳಿದಿದೆ. ಓದುಬರಹವಿಲ್ಲದ ರೈತನೂ ಗೃಹಿಣಿಯೂ ತಲೆಯೆತ್ತಿ ನೋಡಿದರೆ ಸಾಕು, ಕಥೆ ತಾನಾಗಿ ತಿಳಿಯಬೇಕು ಎಂಬುದೇ ಅದರ ಉದ್ದೇಶ.

ವೇದಿಕೆಯ ಕಂಬಗಳನ್ನು ಹೊತ್ತವು ಸಿಂಹಗಳು. ಸಿಂಹಗಳ ಜತೆಗೆ, ಬೆನ್ನು ಬಾಗಿಸಿ ಕುಕ್ಕರಿಸಿದ ಮನುಷ್ಯರೂ ಇದ್ದಾರೆ. ಕಂಬದ ಭಾರಕ್ಕೆ ಅವರ ಮೊಣಕಾಲು ಎದೆಗೆ ಒತ್ತಿಹೋಗಿದೆ. ದೇವರ ಕಥೆಯ ಅಡಿಯಲ್ಲಿ ಹೀಗೆ ಕುಳಿತಿರುವ ಈ ಹೊರೆಯಾಳುಗಳನ್ನು ಕಂಡಾಗ, ಜೀವಮಾನವೆಲ್ಲ ಕಲ್ಲು ಹೊತ್ತ ಜನರೇ ಇವರನ್ನು ಕಡೆದವರೆಂಬ ನೆನಪು ಬಾರದೆ ಇರದು. ಹದಿನಾರನೆಯ ಶತಮಾನದ ಕೊನೆಗೆ ಈ ವೇದಿಕೆಯನ್ನು ಬಿಚ್ಚಿ ಬೇರೆಬೇರೆ ಮಾಡಿದ್ದರು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ತುಣುಕುಗಳನ್ನು ಒಟ್ಟುಗೂಡಿಸಿ ಮತ್ತೆ ನಿಲ್ಲಿಸಲಾಯಿತು.

ಹೊರಗೆ, ನಗರದ ದೊಡ್ಡ ಚೌಕದ ಕಡೆಗೆ, ಅವರು ಹದಿಮೂರನೆಯ ಶತಮಾನದ ಆರಂಭದಲ್ಲಿ ‘ಪೋರ್ತಾ ರೇಜಿಯಾ’ ಎಂಬ ರಾಜದ್ವಾರವನ್ನು ನಿರ್ಮಿಸಿದರು. ವೆರೋನಾ ಪ್ರಾಂತದ ನಸುಗೆಂಪು ಶಿಲೆಯ ಈ ಬಾಗಿಲಿನ ಮುಂಭಾಗದಲ್ಲಿಯೂ ಕಂಬಗಳನ್ನು ಬೆನ್ನಿನ ಮೇಲೆ ತಾಳಿಕೊಂಡು ಎರಡು ಸಿಂಹಗಳು ಕುಳಿತಿವೆ. ಸರೋವರದ ತಡಿಯಿಂದ ಬಂದ ಆ ಮೇಸ್ತ್ರಿಗಳಲ್ಲಿ ಸಿಂಹವನ್ನು ಕಣ್ಣಾರೆ ಕಂಡಿದ್ದವರು ಎಷ್ಟು ಮಂದಿಯೋ! ಆದರೂ ಕಾಂಪಿಯೋನೆಯವರು ಹೋದ ಊರುಗಳಲ್ಲೆಲ್ಲ ಸಿಂಹಗಳು ಬಾಗಿಲು ಕಾಯುತ್ತವೆ. ದೇವಾಲಯದ ಮುಖಭಾಗದ ದೊಡ್ಡ ಚಕ್ರಾಕಾರದ ಕಿಟಕಿಯೂ ಅವರ ಕೈಯದೇ.

ಪಕ್ಕದಲ್ಲಿ ‘ಗಿರ್ಲಾಂದಿನಾ’ ಎಂಬ ಗಂಟೆಯ ಗೋಪುರ ೮೬ ಮೀಟರಿಗೂ ಹೆಚ್ಚು ಎತ್ತರಕ್ಕೆ ಎದ್ದಿದೆ. ನೆಲ ಕುಸಿದುದರಿಂದ ಸ್ವಲ್ಪ ವಾಲಿಯೂ ಇದೆ. ಅದರ ತುದಿ ಮುಗಿದುದು ೧೩೧೯ರಲ್ಲಿ. ಮುಗಿಸಿದವನು ಕಾಂಪಿಯೋನೆಯ ಇನ್ನೊಬ್ಬ ಅರ್ರಿಗೊ. ಮೂರು ವರ್ಷಗಳ ಬಳಿಕ, ೧೩೨೨ರಲ್ಲಿ, ಕಾಂಪಿಯೋನೆಯ ಎನ್ರಿಕೊ ಎಂಬ ಹೆಸರಿನಲ್ಲಿ ದೇವಾಲಯದ ಉಪದೇಶಪೀಠ ಸಿದ್ಧವಾಯಿತು. ಅನ್ಸೆಲ್ಮೊ ಮಾತು ಕೊಟ್ಟು ಆ ವೇಳೆಗೆ ಒಂದೂವರೆ ಶತಮಾನವೇ ಕಳೆದುಹೋಗಿತ್ತು. ‘ಎಂದೆಂದಿಗೂ’ ಎಂಬುದು ಮನುಷ್ಯರ ಬಾಯಲ್ಲಿ ಸಲ್ಲದ ಮಾತು. ಆದರೂ ಕಾಂಪಿಯೋನೆಯವರು ಅದಕ್ಕೆ ಕೈಲಾದಷ್ಟು ಹತ್ತಿರ ಬಂದಿದ್ದರು.

ಸರೋವರದ ನೆರೆಹೊರೆಯ ಹಳ್ಳಿಗಳ ಕಥೆಯೂ ಹೀಗೆಯೇ. ಕಾಂಪಿಯೋನೆಯ ಮೇಲಣ ಬೆಟ್ಟದಲ್ಲಿರುವ ಅರೋಞ್ಞೊ ಎಂಬ ಹಳ್ಳಿಯ ಅದಾಮೊ, ೧೨೧೨ರ ಫೆಬ್ರವರಿಯ ಕಡೆಯ ದಿನ ತ್ರೆಂತೊ ನಗರದ ಮಹಾದೇವಾಲಯದ ಕೆಲಸವನ್ನು ಆರಂಭಿಸಿದನು. ತಾನೂ ತನ್ನ ಮಕ್ಕಳೂ ಬಳಿಕ ಮೊಮ್ಮಕ್ಕಳೂ ಅದರ ಒಳಹೊರಗನ್ನು ಕಟ್ಟಿದರೆಂದು, ಅವರೆಲ್ಲರ ಸಮಾಧಿ ಅದರ ಬುಡದಲ್ಲಿಯೇ ಇದೆಯೆಂದು ಅಲ್ಲಿಯ ಶಿಲಾಲೇಖ ಹೇಳುತ್ತದೆ. ಕಟ್ಟಿದ ಗೋಡೆಯೇ ಅವರಿಗೆ ಮನೆಯಾಯಿತು. ಕೊನೆಗೆ ಮಣ್ಣೂ ಆಯಿತು.

ಕೂಲಿಯವನೋ, ಕಲಾವಿದನೋ?

ಆ ಕಾಲದಲ್ಲಿ ಶಿಲ್ಪಿ ಬೇರೆ, ಸ್ಥಪತಿ ಬೇರೆ ಎಂಬ ಭೇದ ಇಂದಿನಷ್ಟು ಸ್ಪಷ್ಟವಾಗಿರಲಿಲ್ಲ. ಗಣಿಯಲ್ಲಿ ಕಲ್ಲನ್ನು ಆರಿಸುವುದರಿಂದ ಮೊದಲುಗೊಂಡು, ಅಡಿಪಾಯ ಹಾಕುವುದು, ಕಮಾನು ತಿರುವುದು, ದೇವದೂತನ ರೆಕ್ಕೆಯ ಗರಿ ಬಿಡಿಸುವುದು, ಎಲ್ಲವೂ ಒಂದೇ ಕಸುಬಿನ ಮೆಟ್ಟಿಲುಗಳು. ಹುಡುಗನು ತಂದೆಯ ಬಳಿಯೋ ಚಿಕ್ಕಪ್ಪನ ಬಳಿಯೋ ಕಲಿಯುವನು. ಪುಸ್ತಕವಿಲ್ಲ, ಕೈಯಿಂದ ಕೈಗೆ ವಿದ್ಯೆ ಇಳಿಯಬೇಕು. ಅಪೂರ್ವವಾದ ಶಿಲ್ಪಗಳನ್ನು ಕಡೆದ ಅನ್ಸೆಲ್ಮೊನ ವಂಶದವರಿಗೆ ದೊರೆಯುತ್ತಿದ್ದುದು ದಿನಗೂಲಿ ಎಂಬುದನ್ನು ಮರೆಯಬಾರದು.

ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಈ ಸ್ಥಿತಿ ಬದಲಾಗತೊಡಗಿತು. ಮೇಸ್ತ್ರಿಗಳ ಹೆಸರು ಕಲ್ಲಿನ ಮೇಲೆ ಕಾಣಿಸಿಕೊಳ್ಳಲಾರಂಭಿಸಿತು. ಬೆರ್ಗಾಮೊ ನಗರದಲ್ಲಿ ಕೆಲಸ ಮಾಡಿದ ಉಗೊ ಮತ್ತು ಅವನ ಮಗ ಜೊವಾನ್ನಿ ಇದಕ್ಕೆ ನಿದರ್ಶನ. ಜೊವಾನ್ನಿ ೧೩೪೦ರಲ್ಲಿ ಎಂಟು ಮೂಲೆಗಳ ಸುಂದರವಾದ ದೀಕ್ಷಾಸ್ನಾನದ ಮಂಟಪವನ್ನು ರಚಿಸಿದನು. ಸಾಂತಾ ಮರಿಯಾ ಮಜ್ಜೋರೆ ಎಂಬ ದೇವಾಲಯದ ಒಳಗೆ ನಿಂತಿದ್ದ ಅದನ್ನು ೧೬೬೦ರಲ್ಲಿ ಕಳಚಿ ತೆಗೆದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದು ದೇವಾಲಯದ ಹೊರಗೆ ಮರುಹುಟ್ಟು ಪಡೆಯಿತು. ಅದೇ ದೇವಾಲಯದ ಉತ್ತರದ ಬಾಗಿಲಿನ ಮುಖಮಂಟಪವನ್ನು ೧೩೫೩ರಲ್ಲಿ ಮುಗಿಸಿದವನೂ ಜೊವಾನ್ನಿಯೇ. ಕೆಂಪುಕಲ್ಲಿನ ಸಿಂಹಗಳು ಅದರ ಕಂಬಗಳನ್ನು ಹೊತ್ತಿವೆ. ಮೇಲೆ, ನಗರದ ರಕ್ಷಕನಾದ ಸಂತ ಅಲೆಸ್ಸಾಂದ್ರೊ ಕುದುರೆಯ ಮೇಲೆ ಕುಳಿತಿದ್ದಾನೆ. ದಕ್ಷಿಣದ ಬಾಗಿಲು ೧೩೬೦ರದು. ಅಲ್ಲಿಯ ಸಿಂಹಗಳು ಬಿಳಿಯವು. ಬೆರ್ಗಾಮೊದ ಜನ ಇಂದಿಗೂ ಆ ಬಾಗಿಲುಗಳನ್ನು ಕೆಂಪು ಸಿಂಹಗಳ ಬಾಗಿಲು, ಬಿಳಿ ಸಿಂಹಗಳ ಬಾಗಿಲು ಎಂದೇ ಗುರುತಿಸುತ್ತಾರೆ.

ಕ್ರೂರಿಗಳ ಶಿಲ್ಪಿ

ಕಾಂಪಿಯೋನೆಯ ಮೇಸ್ತ್ರಿಗಳಲ್ಲಿ ಅತ್ಯಂತ ಪ್ರಸಿದ್ಧನಾದವನು ಬೊನಿನೊ. ಅವನಿಗೆ ದೊರೆತ ಯಜಮಾನರು ಮಾತ್ರ ಭಯಂಕರರು.

ಮಿಲಾನಿನ ಒಡೆಯನಾದ ಬೆರ್ನಾಬೊ ವಿಸ್ಕೋಂತಿ ತನ್ನ ಸಾವಿರಾರು ಬೇಟೆನಾಯಿಗಳನ್ನು ಪ್ರಜೆಗಳ ಮನೆಗಳಲ್ಲಿಯೇ ಸಾಕಿಸುತ್ತಿದ್ದನೆಂದೂ, ನಾಯಿ ಸೊರಗಿದರೆ ಸಾಕಿದವನಿಗೆ ಶಿಕ್ಷೆಯಾಗುತ್ತಿತ್ತೆಂದೂ ಪ್ರತೀತಿಯಿದೆ. ಅವನು ಬದುಕಿರುವಾಗಲೇ ತನ್ನ ಸ್ಮಾರಕವನ್ನು ಮಾಡಿಸಿದನು. ಬೊನಿನೊ ಒಂದೇ ಅಮೃತಶಿಲೆಯ ಬಂಡೆಯಿಂದ ಕುದುರೆಯನ್ನೂ ಸವಾರನನ್ನೂ ಕಡೆದನು. ಆಳೆತ್ತರದ ಆ ಕುದುರೆಯ ಮೇಲೆ ಬೆರ್ನಾಬೊ ರಿಕಾಪಿನ ಮೇಲೆ ಕಾಲೂರಿ ನೆಟ್ಟಗೆ ನಿಂತಿದ್ದಾನೆ. ನಗೆಯಿಲ್ಲ, ಭಂಗಿಯಲ್ಲಿ ಸಡಿಲಿಕೆಯಿಲ್ಲ. ನೋಟ ನೇರ ಮುಂದಕ್ಕೆ. ಇಕ್ಕೆಲದಲ್ಲಿ ಧೈರ್ಯ ಮತ್ತು ವಿವೇಕಗಳನ್ನು ಪ್ರತಿನಿಧಿಸುವ ಇಬ್ಬರು ಸ್ತ್ರೀಯರು ಕಿರಿದಾಗಿ ನಿಂತಿದ್ದಾರೆ. ೧೩೬೩ರ ವೇಳೆಗೆ ಈ ವಿಗ್ರಹವು ಸಾನ್ ಜೊವಾನ್ನಿ ಇನ್ ಕೋಂಕಾ ಎಂಬ ಇಗರ್ಜಿಯ ಬಲಿಪೀಠದ ಮೇಲೆಯೇ ಪ್ರತಿಷ್ಠಿತವಾಗಿತ್ತು. ಪೂಜೆಗೆ ಬಂದವರು ದೇವರಿಗೆ ಮಣಿಯಬೇಕಾದರೆ ಬೆರ್ನಾಬೊನ ಕುದುರೆಗೂ ಮಣಿಯಲೇಬೇಕಾಯಿತು.

೧೩೮೫ರ ಮೇ ತಿಂಗಳಲ್ಲಿ ಬೆರ್ನಾಬೊನನ್ನು ಅವನ ಅಣ್ಣನ ಮಗನೂ ಸ್ವಂತ ಅಳಿಯನೂ ಆದ ಜಾನ್ ಗಾಲೆಯಾತ್ಸೊ ಉಪಾಯದಿಂದ ಸೆರೆಹಿಡಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಅವನು ತ್ರೆತ್ಸೊ ಕೋಟೆಯ ಸೆರೆಯಲ್ಲಿ ಸತ್ತನು. ವಿಷಪ್ರಯೋಗವೆಂದು ಜನ ನಂಬಿದರು. ವಿಗ್ರಹದ ಕೆಳಗೆ ಶವಪೆಟ್ಟಿಗೆ ಸೇರಿಕೊಂಡು ಸ್ಮಾರಕ ಸಮಾಧಿಯಾಯಿತು. ಇಂದು ಅದು ಮಿಲಾನಿನ ಸ್ಫೋರ್ತ್ಸೆಸ್ಕೊ ಕೋಟೆಯ ವಸ್ತುಸಂಗ್ರಹಾಲಯದಲ್ಲಿದೆ. ಎದುರಿಗೆ ಯಾರೂ ಮಣಿಯುವುದಿಲ್ಲ. ಕಡೆದವನ ಕೈಚಳಕವನ್ನು ಮೆಚ್ಚಿ ಹೋಗುತ್ತಾರೆ.

ವೆರೋನಾದಲ್ಲಿ ಬೊನಿನೊನ ಯಜಮಾನನಾದವನು ಕಾನ್ಸಿಞ್ಞೋರಿಯೊ ದೆಲ್ಲಾ ಸ್ಕಾಲಾ. ೧೩೫೯ರಲ್ಲಿ ಅಣ್ಣನನ್ನು ಕೊಂದು ಪಟ್ಟಕ್ಕೆ ಬಂದವನು. ೧೩೭೫ರಲ್ಲಿ ತಾನು ಸಾಯುವ ಮುನ್ನ ಸೆರೆಯಲ್ಲಿದ್ದ ಇನ್ನೊಬ್ಬ ಸೋದರನನ್ನೂ ಕೊಲ್ಲಿಸಿದವನು. ಅವನಿಗಾಗಿ ಬೊನಿನೊ ಆರು ಮೂಲೆಗಳ, ಅಂತಸ್ತಿನ ಮೇಲೆ ಅಂತಸ್ತಾಗಿ ಏರುವ, ಸಣ್ಣ ಗೋಪುರಗಳಿಂದ ಕಿಕ್ಕಿರಿದ ಸಮಾಧಿಯೊಂದನ್ನು ಬೀದಿಯ ಬದಿಯಲ್ಲಿ ಎತ್ತಿ ನಿಲ್ಲಿಸಿದನು. ಸುತ್ತಲೂ ಯೋಧರಾದ ಸಂತರ ವಿಗ್ರಹಗಳು. ತುತ್ತತುದಿಯಲ್ಲಿ ಕುದುರೆಯೇರಿದ ಕಾನ್ಸಿಞ್ಞೋರಿಯೊ. ದೂರದಿಂದ ನೋಡಿದರೆ ಕಲ್ಲಿನದೋ ದಂತದ್ದೋ ಎಂದು ಅನುಮಾನವಾಗುವಷ್ಟು ನಾಜೂಕು. ಈ ಸಮಾಧಿಯ ಮೇಲೆ ಶಿಲ್ಪಿ ತನ್ನ ಹೆಸರನ್ನೂ ಊರನ್ನೂ ಕೆತ್ತಿಸಿದ್ದಾನೆ. ಭ್ರಾತೃಹಂತಕನಾದ ಅರಸನ ಹೆಸರಿನ ಜತೆಗೆ ಸರೋವರದ ತಡಿಯ ಬಡ ಹಳ್ಳಿಯ ಹೆಸರೂ ಉಳಿದುಕೊಂಡಿತು.

ಮಿಲಾನಿನ ಪರೀಕ್ಷೆ

ಬೆರ್ನಾಬೊ ಸತ್ತ ಮರುವರ್ಷ, ೧೩೮೬ರಲ್ಲಿ, ಮಿಲಾನಿನ ಮಹಾದೇವಾಲಯದ ಕಟ್ಟಡ ಆರಂಭವಾಯಿತು. ಇಟ್ಟಿಗೆಯಲ್ಲಿ ತೊಡಗಿದ ಕೆಲಸವು ಜಾನ್ ಗಾಲೆಯಾತ್ಸೊನ ಇಚ್ಛೆಯಂತೆ ಅಮೃತಶಿಲೆಗೆ ತಿರುಗಿತು. ಕಾಂದೋಲ್ಯಾದ ಗಣಿಯಿಂದ ಕಲ್ಲುಗಳು ದೋಣಿಯಲ್ಲಿ ಮಜ್ಜೋರೆ ಸರೋವರವನ್ನೂ ತಿಚಿನೊ ನದಿಯನ್ನೂ ದಾಟಿ, ಕಾಲುವೆಯ ಮೂಲಕ ನಗರಕ್ಕೆ ಬರುತ್ತಿದ್ದುವು. ಕಾಂಪಿಯೋನೆಯ ಮಾರ್ಕೊ, ಜಾಕೊಮೊ, ಜೆನೊ, ಮತ್ತೆಯೊ ಇವರೆಲ್ಲರೂ ಆ ಕೆಲಸಕ್ಕೆ ಕೈಹಾಕಿದರು.

ಈ ಕಟ್ಟಡದಲ್ಲಿಯೇ ಅವರ ವಿದ್ಯೆ ಕಠಿಣ ಪರೀಕ್ಷೆಗೆ ಒಳಗಾಯಿತು. ಆಲ್ಪ್ಸ್‌ನ ಆಚೆಯ ಜರ್ಮನಿ, ಫ್ರಾನ್ಸ್ ದೇಶಗಳಲ್ಲಿ ಮುಗಿಲೆತ್ತರದ ಗಾಥಿಕ್ ದೇವಾಲಯಗಳು ಅದಾಗಲೇ ಎದ್ದಿದ್ದುವು. ಅಲ್ಲಿಯ ತಜ್ಞರನ್ನು ಮಿಲಾನಿಗೆ ಕರೆಸಲಾಯಿತು. ೧೩೯೧ರ ಕೊನೆಯಲ್ಲಿ ಬಂದ ಗ್ಮ್ಯುಂಡಿನ ಹೈನ್‌ರಿಶ್ ಎಂಬ ಜರ್ಮನ್ ಸ್ಥಪತಿ ಕಟ್ಟಡದ ಭದ್ರತೆಯನ್ನೂ ರೂಪವನ್ನೂ ಕುರಿತು ಸಂಶಯಗಳನ್ನೆತ್ತಿದನು. ೧೩೯೨ರ ಮೇ ೧ರಂದು ಮೇಸ್ತ್ರಿಗಳ ಸಭೆ ಸೇರಿತು. ಹನ್ನೊಂದು ಪ್ರಶ್ನೆಗಳು ಅವರ ಮುಂದೆ ಬಂದುವು. ಅಡಿಪಾಯ ಸಾಕೇ? ಕಂಬಗಳು ಭಾರ ತಾಳುತ್ತವೆಯೇ? ದೇವಾಲಯದ ಎತ್ತರವನ್ನು ಚೌಕದ ಲೆಕ್ಕದಲ್ಲಿ ಏರಿಸಬೇಕೋ, ತ್ರಿಕೋನದ ಲೆಕ್ಕದಲ್ಲಿ ತಗ್ಗಿಸಬೇಕೋ?

ಕಾಂಪಿಯೋನೆಯ ಜಾಕೊಮೊನೂ ಸೇರಿದಂತೆ ಸ್ಥಳೀಯ ಮೇಸ್ತ್ರಿಗಳ ಉತ್ತರ ದೃಢವಾಗಿತ್ತು. ಕಟ್ಟಿದುದು ಭದ್ರವಾಗಿದೆ, ಎತ್ತರಕ್ಕೆ ತ್ರಿಕೋನದ ಅಳತೆಯೇ ಸಾಕು ಎಂದರು. ಒಪ್ಪದೆ ಉಳಿದವನು ಹೈನ್‌ರಿಶ್. ಅದೇ ಬೇಸಗೆಯಲ್ಲಿ ಅವನನ್ನು ಕೆಲಸದಿಂದ ಬಿಡುಗಡೆ ಮಾಡಿದರು. ಮುಂದೆ ೧೩೯೯ರಲ್ಲಿ ಪ್ಯಾರಿಸಿನಿಂದ ಬಂದ ಝಾನ್ ಮಿನ್ಯೊ ಎಂಬವನು ಇನ್ನೂ ಉಗ್ರವಾಗಿ, ಕಟ್ಟಡ ಉರುಳಿಯೇ ಉರುಳುತ್ತದೆಂದು ನುಡಿದನು. ಶಾಸ್ತ್ರವಿಲ್ಲದ ಬರಿಯ ಕೈಕೆಲಸಕ್ಕೆ ಬೆಲೆಯಿಲ್ಲವೆಂದು ಹಂಗಿಸಿದನು. ಎರಡು ವರ್ಷಗಳಲ್ಲಿ ಅವನೂ ಹಿಂದಿರುಗಬೇಕಾಯಿತು.

ಹೊರಗಿನವರ ಆಕ್ಷೇಪಗಳಲ್ಲಿ ತಿರುಳಿರಲಿಲ್ಲವೆಂದಲ್ಲ. ಅಷ್ಟು ದೊಡ್ಡ ಕಟ್ಟಡವನ್ನು ಮೇಸ್ತ್ರಿಗಳು ಹಿಂದೆಂದೂ ಕಟ್ಟಿರಲಿಲ್ಲ. ಅವರಿಗೆ ಗೊತ್ತಿದ್ದುದು ಗ್ರಂಥದ ಗಣಿತವಲ್ಲ. ತಂದೆ ತಾತಂದಿರು ನಿಲ್ಲಿಸಿದ ಯಾವ ಕಂಬ ಎಷ್ಟು ಭಾರಕ್ಕೆ ತಡೆಯಿತು ಎಂಬ ಅನುಭವ. ಆ ಅನುಭವದ ಬಲದ ಮೇಲೆ ಅವರು ತಮ್ಮ ಹೆಸರನ್ನೂ ನಗರದ ಹಣವನ್ನೂ ಜನರ ಜೀವವನ್ನೂ ಪಣವಾಗಿಟ್ಟರು. ಆರು ಶತಮಾನಗಳ ಮೇಲಾದರೂ ಮಿಲಾನಿನ ದೇವಾಲಯ ನಿಂತೇ ಇದೆ.

ಫಲವನ್ನು ಕಾಣುವುದಕ್ಕೆ ಅವರಾರೂ ಉಳಿಯಲಿಲ್ಲ. ಮಾರ್ಕೊ ೧೩೯೦ರಲ್ಲಿ ತೀರಿಕೊಂಡನು. ಮೊಂಜಾದ ಮಹಾದೇವಾಲಯಕ್ಕೆ ಮುಖಭಾಗವನ್ನೂ ಉಪದೇಶಪೀಠವನ್ನೂ ರಚಿಸಿಕೊಟ್ಟ ಮತ್ತೆಯೊ ೧೩೯೬ರಲ್ಲಿ ಕಣ್ಮುಚ್ಚಿದನು. ಅವನನ್ನು ಆ ದೇವಾಲಯದಲ್ಲಿಯೇ ಹೂಳಿ, ಅವನ ಕೆಲಸವನ್ನು ಕೊಂಡಾಡುವ ಕಲ್ಲನ್ನು ನೆಟ್ಟರು. ಮಿಲಾನ್ ದೇವಾಲಯದ ಉತ್ತರದ ವಸ್ತ್ರಾಗಾರಕ್ಕೆ ಕುಸುರಿಯ ಬಾಗಿಲನ್ನು ಕೆತ್ತಿದ ಜಾಕೊಮೊ ೧೩೯೮ರಲ್ಲಿ ತೀರಿಕೊಂಡನು. ಕೂಲಿಯ ಲೆಕ್ಕದಲ್ಲಿ ಆರಂಭವಾದ ಕಾಂಪಿಯೋನೆಯವರ ಕಥೆ ಸಮಾಧಿಯ ಪ್ರಶಸ್ತಿಯವರೆಗೆ ಬಂದು ಮುಟ್ಟಿತ್ತು.

ಬಾನಾಡಿಗಳ ಇಗರ್ಜಿ

ಅನಂತರ ಕಾಂಪಿಯೋನೆಯ ಹೆಸರು ಹಿಂದಕ್ಕೆ ಸರಿಯಿತು. ಸರೋವರದ ಕಸುಬು ಮಾತ್ರ ಸಾಯಲಿಲ್ಲ. ೧೫೮೬ರಲ್ಲಿ ವ್ಯಾಟಿಕನ್ನಿನ ಮಹಾಶಿಲಾಸ್ತಂಭವನ್ನು ಸ್ಥಳಾಂತರಿಸಿ ನಿಲ್ಲಿಸಿದ ದೊಮೆನಿಕೊ ಫೊಂತಾನಾ ಅದೇ ಸರೋವರದ ಮೆಲಿದೆಯವನು. ರೋಮಿನ ಸಂತ ಪೇತ್ರನ ದೇವಾಲಯಕ್ಕೆ ಮುಖಭಾಗವನ್ನು ಕೊಟ್ಟ ಕಾರ್ಲೊ ಮಾದೆರ್ನೊ ಕಾಪೊಲಾಗೊದವನು. ರೋಮ್ ನಗರದ ಗೋಡೆಗಳನ್ನೇ ಅಲೆಯಂತೆ ಬಳುಕಿಸಿದ ಬೊರ್ರೊಮಿನಿ ೧೫೯೯ರಲ್ಲಿ ಹುಟ್ಟಿದುದು ಕಾಂಪಿಯೋನೆಯ ಪಕ್ಕದ ಬಿಸ್ಸೋನೆಯಲ್ಲಿ.

ಕಾಂಪಿಯೋನೆಗೆ ೧೯೩೩ರಲ್ಲಿ ‘ಇಟಲಿಯ ಕಾಂಪಿಯೋನೆ’ ಎಂದು ಹೆಸರು ಬದಲಾಯಿತು. ಆ ವೇಳೆಗೆ ಊರಿನ ಜನ ಹೊರಗೆ ದುಡಿಯಲು ಹೋಗುವ ಬದಲು ಹೊರಗಿನವರ ಹಣ ಊರಿಗೇ ಬರುವ ಮಾರ್ಗವೊಂದು ತೆರೆದುಕೊಂಡಿತ್ತು. ೧೯೧೭ರಲ್ಲಿ ಆರಂಭವಾಗಿ ಎರಡು ವರ್ಷಗಳಲ್ಲಿ ಮುಚ್ಚಿದ ಜೂಜಿನ ಮಂದಿರ ೧೯೩೩ರಲ್ಲಿ ಮತ್ತೆ ತೆರೆಯಿತು. ಬಹುಕಾಲ ಊರಿನ ಬೊಕ್ಕಸವನ್ನು ತುಂಬಿಸಿತು. ೨೦೦೭ರಲ್ಲಿ ಅದಕ್ಕೆ ಬೃಹತ್ತಾದ ಹೊಸ ಕಟ್ಟಡವೂ ಆಯಿತು. ೨೦೧೮ರಲ್ಲಿ ನ್ಯಾಯಾಲಯ ಅದನ್ನು ದಿವಾಳಿಯೆಂದು ಸಾರಿದಾಗ ಊರಿಗೆ ಊರೇ ಕಂಗೆಟ್ಟಿತು. ೨೦೨೨ರಲ್ಲಿ ಬಾಗಿಲು ಮತ್ತೆ ತೆರೆದಿದೆ. ಉಳಿಯನ್ನು ನಂಬಿದ್ದ ಹಳ್ಳಿ ಅದೃಷ್ಟವನ್ನು ನಂಬಿದ ಕಥೆ ಇದು.

ಆ ಗದ್ದಲದಿಂದ ಸ್ವಲ್ಪ ದೂರದಲ್ಲಿ ಬಾನಾಡಿಗಳ ಇಗರ್ಜಿ ನಿಂತಿದೆ. ಅದರ ಹೊರಗೋಡೆಯ ಮೇಲೆ ಕಡೆಯ ತೀರ್ಪಿನ ದಿನದ ದೊಡ್ಡ ಚಿತ್ರವಿದೆ. ಮಿಲಾನಿನ ಫ್ರಾಂಕೊ ಮತ್ತು ಫಿಲಿಪ್ಪೊಲೊ ದೇ ವೇರಿಸ್ ಎಂಬ ಚಿತ್ರಕಾರರು ಅದನ್ನು ಬರೆದುದು ೧೪೦೦ರಲ್ಲಿ, ಜಾಕೊಮೊ ತೀರಿಕೊಂಡ ಎರಡೇ ವರ್ಷಗಳ ಮೇಲೆ. ಲೋಕಕ್ಕೆಲ್ಲ ಶಿಲ್ಪಿಗಳನ್ನು ಕೊಟ್ಟ ಊರು ತನ್ನ ಗುಡಿಯ ಗೋಡೆಗೆ ಹೊರಗಿನವರನ್ನು ಕರೆಸಿತ್ತು. ತಮ್ಮ ಕೈಯ ಶ್ರೇಷ್ಠವಾದುದನ್ನೆಲ್ಲ ಆ ಮೇಸ್ತ್ರಿಗಳು ಪರ ಊರುಗಳಿಗೆ ಕೊಟ್ಟುಬಿಟ್ಟಿದ್ದರು.

ಅವುಗಳಿಗೆ ಪ್ರತಿಯಾಗಿ ಆ ಊರುಗಳಿಂದ ಅವರು ಪಡೆದುದು ದಿನಕ್ಕೆ ಆರೋ ಎಂಟೋ ನಾಣ್ಯ. ತವರಿನಿಂದ ಪಡೆದುದು ಒಂದು ಹೆಸರು. ನಾಣ್ಯಗಳು ಎಂದೋ ಕರಗಿಹೋದುವು. ಹೆಸರು ಇಂದಿಗೂ ಮೋದೆನಾದಲ್ಲಿ, ಬೆರ್ಗಾಮೊದಲ್ಲಿ, ವೆರೋನಾದಲ್ಲಿ ಕಲ್ಲಿನ ಮೇಲಿದೆ. ಪ್ರತಿ ವಸಂತದಲ್ಲಿಯೂ ಸರೋವರದ ಮೇಲೆ ಬಾನಾಡಿಗಳು ಹಿಂದಿರುಗುತ್ತವೆ. ನೀರಿನಿಂದ ಇಗರ್ಜಿಗೆ ಏರುವ ಮೆಟ್ಟಿಲುಗಳು, ಹೊರಟವರು ಮರಳಿ ಬರುವರೆಂಬಂತೆ, ಸರೋವರದ ಕಡೆಗೆ ಮುಖಮಾಡಿ ಕಾದಿವೆ.